ಧಾರವಾಡಕ್ಕೆ ಹೂ ಹಚ್ಚಲಿಲ್ಲ

ಗದಗಿನ ಹತ್ತಿ ಪೇಟೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಬ್ಯಾರಿಸ್ಟರ್ ಅಂಗಡಿ ಎಲ್ಲಿ ಎಂದು ಕೇಳಿದರೆ ಸಾಕು, ಕೈ ಮಾಡಿ ತೋರಿಸುತ್ತಿದ್ದರು. ಹೋಗಿ ನೋಡಿದರೆ ಕರೀ ಕೋಟೂ ಇಲ್ಲ, ಕಾಯ್ದೆಯ ಪುಸ್ತಕವೂ ಇಲ್ಲ. ಹತ್ತಿಯ ಅಂಡಿಗೆಗಳ ನಡುವೆ ಧೋತರ ಉಟ್ಟ ಮನುಷ್ಯನೊಬ್ಬ ಕೂತು ಎಳೆಯನ್ನು ಬೆರಳಲ್ಲಿ ಜಗ್ಗಿ ನೋಡುತ್ತಿರುತ್ತಿದ್ದ. ಅವನೇ ಹುಲಗಪ್ಪ. ವಿಲಾಯತಿಗೆ ಹೋಗಿ ಬ್ಯಾರಿಸ್ಟರ್ ಆಗಿ ಬಂದವನು, ಗದಗಿನ ಕೋರ್ಟಿನಲ್ಲಿ ಒಬ್ಬರ ಪರವಾಗಿಯೂ ವಾದ ಮಾಡಲಾಗದವನು. ಅಂಥ ಪಾಪವನ್ನು ಅವನೇನು ಮಾಡಿದ್ದ? ಅಪ್ಪನ ಮಾತು ಕೇಳಿದ್ದ, ಅಷ್ಟೇ.

ಅಪ್ಪ ಅಂದಾನಪ್ಪ ಮೂಲತಃ ಸೊರಟೂರದವನು. ಪೇಟೆಯಲ್ಲಿ ರೈತರ ಹತ್ತಿ ಮಾರಿಸಿಕೊಡುವ ಅಡತಿ ಅಂಗಡಿ ಇಟ್ಟು ನಾಲ್ಕು ಜನರಲ್ಲಿ ಮಾನ ಗಳಿಸಿದ್ದ. ಹರೆಯದಲ್ಲಿ ಒಮ್ಮೆ ಸಾಕ್ಷಿ ಹೇಳಲು ಕೋರ್ಟಿಗೆ ಹೋದಾಗ, ಮುಂಬಯಿಯ ಬ್ಯಾರಿಸ್ಟರನೊಬ್ಬ ಗತ್ತಿನಿಂದ ಒಳಗೆ ಬಂದದ್ದನ್ನೂ ಜಡ್ಜ್ ಸಾಹೇಬರೇ ನಗುತ್ತ ಅವನನ್ನು ಕೂಡ್ರಿಸಿದ್ದನ್ನೂ ಕಣ್ಣಾರೆ ಕಂಡ. ಮುಗಿಯಿತು, ತಲೆಯೊಳಗೆ ಹುಳ ಹೊಕ್ಕಿತು. ಮಗನನ್ನು ತೊಟ್ಟಿಲಲ್ಲಿ ಹಾಕಿ ಹೆಸರು ಕರೆದ ದಿನವೇ ‘ಇಂವಾ ನನ್ನ ಬ್ಯಾರಿಸ್ಟರ’ ಎಂದು ಸಾರಿಬಿಟ್ಟ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ?

ಹುಲಗಪ್ಪನಿಗೂ ಕಾಯ್ದೆ ಓದುವ ಆಸೆ ಇತ್ತು. ಅದು ಸುಳ್ಳಲ್ಲ. ಆದರೆ ಅವನ ಆಸೆ ಸಣ್ಣದು. ಹತ್ತೊಂಬತ್ತುನೂರಾ ಎಪ್ಪತ್ನಾಲ್ಕರಲ್ಲಿ ಬಿ.ಎ. ಮುಗಿದಾಗ ಅವನ ಗೆಳೆಯ, ಮುಂಡರಗಿಯ ಖಾಸಿಂಸಾಬ, ಧಾರವಾಡದಲ್ಲಿ ಕಾನೂನು ಓದಲು ಹೆಸರು ಹಚ್ಚಿದ. ತಾನೂ ಅವನ ಜೊತೆ ಹೋಗಬೇಕು, ಮೂರು ವರ್ಷ ಓದಬೇಕು, ಗದಗಿನ ಕೋರ್ಟಿನಲ್ಲಿ ನಿಂತು ಹೊಲಮನೆಯ ದಾವೆ ನಡೆಸಬೇಕು ಎಂದು ಹುಲಗಪ್ಪ ಲೆಕ್ಕ ಹಾಕಿದ್ದ. ಆದರೆ ಹಿತ್ತಲ ಗಿಡ ಮದ್ದಲ್ಲ ನೋಡಿ. ಅಂಗಡಿಯ ಕಟ್ಟೆಯ ಮೇಲೆ ದಿನಾ ಸಂಜೆ ಅವನನ್ನು ಯಾವ ದೇಶಕ್ಕೆ ಕಳಿಸಬೇಕೆಂದು ಪಂಚಾಯಿತಿ ಕೂಡುತ್ತಿತ್ತು. ಹುಬ್ಬಳ್ಳಿಯಿಂದ ಬಂದ ವ್ಯಾಪಾರಿಯೊಬ್ಬ ಈಗೆಲ್ಲ ಅಮೆರಿಕಾನೇ ಮುಂದು ಎಂದ. ಇನ್ನೊಬ್ಬ ಇಂಗ್ಲೆಂಡು ಬಿಟ್ಟರೆ ಬ್ಯಾರಿಸ್ಟರಕಿ ಎಲ್ಲೂ ಇಲ್ಲ ಎಂದ. ಇಬ್ಬರೂ ಮುಂಬಯಿಯ ಬಂದರನ್ನೂ ಕಂಡವರಲ್ಲ. ಓದಬೇಕಾದವನನ್ನು ಮಾತ್ರ ಯಾರೂ ಕೇಳಲಿಲ್ಲ, ಅವನು ಚಹಾ ತಂದುಕೊಟ್ಟು ಒಳಗೆ ಹೋದ.

ಮಾತು ಬಗೆಹರಿಯಲಿಲ್ಲ. ಆಗ ಅಂದಾನಪ್ಪ, ದೇವರನ್ನೇ ಕೇಳಿಬಿಡೋಣ ಎಂದು ಹೆಂಡತಿ ಮಗನನ್ನು ಕರೆದುಕೊಂಡು ಊರಿಗೆ ಹೊರಟ. ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಮನೆದೇವರು ವೀರಭದ್ರನಿಗೆ ಹೂ ಹಚ್ಚಿ ಕೇಳುವುದು ಆ ಮನೆತನದ ಪದ್ಧತಿ. ನೀರಲ್ಲಿ ಅದ್ದಿದ ಹೂವುಗಳನ್ನು ದೇವರ ಎಡಕ್ಕೊಂದು ಬಲಕ್ಕೊಂದು ಹಚ್ಚಿ, ಇದಕ್ಕೆ ಇದು, ಅದಕ್ಕೆ ಅದು ಎಂದು ಹೇಳಿಕೊಂಡು ಕೂಡ್ರಬೇಕು. ಯಾವ ಹೂ ಮೊದಲು ಜಾರಿ ಬೀಳುತ್ತದೋ ಅದೇ ಅಪ್ಪಣೆ. ಒಮ್ಮೆ ಅಪ್ಪಣೆಯಾದ ಮೇಲೆ ತಿರುಗಿ ಕೇಳುವಂತಿಲ್ಲ, ಮೀರುವಂತೆಯೂ ಇಲ್ಲ.

ಪೂಜಾರಿ ಬಲಕ್ಕೆ ಇಂಗ್ಲೆಂಡಿನ ಹೂ, ಎಡಕ್ಕೆ ಅಮೆರಿಕದ ಹೂ ಹಚ್ಚಲು ಹೊರಟ. ಅಷ್ಟರಲ್ಲಿ ತಾಯಿ ಅಮೃತವ್ವ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು:

“ಧಾರವಾಡಕ್ಕೂ ಒಂದು ಹೂ ಹಚ್ಚಸ್ರಿ. ಹುಡುಗನ ಮನಸ್ಸು ಅಲ್ಲೈತಿ.”

“ನಿನಗ ತಲಿ ಐತೋ ಇಲ್ಲೋ?” ಅಂದಾನಪ್ಪ ಗುಡಿಯೊಳಗೇ ಹರಿಹಾಯ್ದ. “ಬಸ್ಸು ಹತ್ತಿ ಹೋಗಿ ಬರೋ ಊರಿಗೆ ಯಾರರ ದೇವರನ್ನ ಕೇಳ್ತಾರೇನು? ನಾಳೆ ಸಂತಿಗೆ ಹೋಗಾಕೂ ಹೂ ಹಚ್ಚಸು ಅಂತೀ!”

ಪೂಜಾರಿಯೂ ನಕ್ಕ. ಹುಲಗಪ್ಪ ಕೈಮುಗಿದು ನಿಂತಿದ್ದ. ‘ಯಪ್ಪಾ, ಹಚ್ಚಸು’ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನ ಎದುರು ಬಾಯಿ ಬಿಡುವ ರೂಢಿ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅವನೂ ಬಿಡಲಿಲ್ಲ. ಹಚ್ಚದ ಹೂ ಬೀಳುವುದು ಹೇಗೆ? ದೇವರಾದರೂ ಏನು ಮಾಡಿಯಾನು, ಮುಂದಿಟ್ಟದ್ದರಲ್ಲೇ ಒಂದನ್ನು ಕೊಡಬೇಕು. ಬಲಗಡೆಯ ಹೂ ಬಿತ್ತು. ಅಂದಾನಪ್ಪ ತೆಂಗಿನಕಾಯಿ ಒಡೆದು, ಇಡೀ ಓಣಿಗೆ ಸಕ್ಕರೆ ಹಂಚಿದ.

ಸುದ್ದಿ ಕೇಳಿ ಖಾಸಿಂಸಾಬ ಮರುದಿನವೇ ಗದಗಿಗೆ ಓಡಿಬಂದ. ಅವನ ಮುಖದಲ್ಲಿ ಸಂತೋಷ ಇರಲಿಲ್ಲ.

“ಕಾಕಾ, ಸಿಟ್ಟಾಗಬ್ಯಾಡ್ರಿ. ಕಾಯ್ದೆ ಬದಲಾಗೈತಿ. ಎಪ್ಪತ್ತಾರರ ಕಡೀ ಒಳಗ ವಿಲಾಯತ್ಯಾಗ ಬ್ಯಾರಿಸ್ಟರ್ ಆದಾವಗಷ್ಟ ಇಲ್ಲಿ ವಕೀಲಿ ಸನ್ನದು ಸಿಗತೈತ್ರಿ. ಆಮ್ಯಾಲೆ ಆದ್ರ ಕೋರ್ಟಿನ್ಯಾಗ ನಿಂದ್ರಾಕ ಬಿಡಂಗಿಲ್ರಿ. ಒಂದು ಪರೀಕ್ಷಾ ಹಿಂದ ಬಿದ್ರೂ ಮುಗೀತು. ನನ್ನ ಜೋಡಿ ಕಳಸ್ರಿ ಅವನ್ನ.”

“ನಿನ್ನೆ ಮೊನ್ನೆ ಕಾಲೇಜಿಗೆ ಹೆಸರು ಹಚ್ಚಿದಾಂವ ನನಗ ಕಾಯ್ದೆ ಹೇಳ್ತೀಯಲೇ? ದೇವರ ಅಪ್ಪಣಿ ದೊಡ್ಡದೋ, ದಿಲ್ಲಿಯವರು ಬರದದ್ದು ದೊಡ್ಡದೋ?” ಎಂದ ಅಂದಾನಪ್ಪ. ಹೊಟ್ಟೆಕಿಚ್ಚಿಗೆ ಹೇಳುತ್ತಾನೆ ಎಂದು ಅವನು ಹೋದ ಮೇಲೆ ಮತ್ತೊಂದು ಮಾತು ಸೇರಿಸಿದ. ವಿಲಾಯತಿಯ ಖರ್ಚಿಗೆ ಡಂಬಳದಲ್ಲಿದ್ದ ಎರೆಹೊಲ ಮಾರಾಟವಾಯಿತು. ಹುಲಗಪ್ಪ ವಿಮಾನ ಹತ್ತಿದ.

ಲಂಡನ್ನಿನಲ್ಲಿ ಅವನು ಮೋಜು ಮಾಡಿದ, ಅದಕ್ಕೇ ಕೆಟ್ಟ ಎಂದು ಮುಂದೆ ಪೇಟೆಯ ಜನ ಆಡಿಕೊಂಡರು. ಅನ್ನುವವರ ಬಾಯಿಗೆ ಬೀಗ ಎಲ್ಲಿದೆ? ಅವನು ಕತ್ತೆ ದುಡಿದಂತೆ ಹಗಲು ರಾತ್ರಿ ಓದಿದ್ದ. ಚಳಿಯಲ್ಲಿ ಎದೆ ಕಟ್ಟಿ, ಜ್ವರ ಏರಿ, ಆಸ್ಪತ್ರೆಯಲ್ಲಿ ಮಲಗಿದಾಗ ಒಂದು ಪರೀಕ್ಷೆ ತಪ್ಪಿತು. ಅದನ್ನು ಕಟ್ಟಿ ಮುಗಿಸುವಷ್ಟರಲ್ಲಿ ಎಪ್ಪತ್ತೇಳರ ಬೇಸಿಗೆ ಬಂದಿತ್ತು. ಗೆಳೆಯ ಹೇಳಿದ ಗಡುವು ದಾಟಿ ಹೋಗಿತ್ತು. ಅಲ್ಲಿಯೇ ಉಳಿಯಲು ಅವನಿಗೆ ಮನಸ್ಸಾಗಲಿಲ್ಲ. ಏನಾದರೂ ದಾರಿ ಸಿಗಬಹುದು ಎಂಬ ಹುಚ್ಚು ಆಸೆ ಕಟ್ಟಿಕೊಂಡು ಊರಿಗೆ ಬಂದ.

ಸ್ಟೇಷನ್ನಿನಲ್ಲಿ ಮಾಲೆ ಹಾಕಿದರು. ಹಲಗಿ ಬಾರಿಸುತ್ತ ಮನೆತನಕ ಕರೆತಂದರು. ಲಕ್ಷ್ಮೇಶ್ವರ, ಶಿರಹಟ್ಟಿಯ ಬೀಗರೆಲ್ಲ ಶಾಲು ಹೊದಿಸಿ ಸತ್ಕಾರ ಮಾಡಿದರು. ಅದೆಲ್ಲ ಮುಗಿದ ಮೇಲೆ ಸನ್ನದಿಗೆ ಹಾಕಿದ ಅರ್ಜಿ ತಿರುಗಿ ಬಂತು. ಖಾಸಿಂಸಾಬ ಹೇಳಿದ್ದು ಅಕ್ಷರಶಃ ಖರೆಯಾಗಿತ್ತು.

ಹುಲಗಪ್ಪ ಆಗಲೂ ಕುಗ್ಗಲಿಲ್ಲ. “ಯಪ್ಪಾ, ಮೂರು ವರ್ಷದ ಮಾತು. ಧಾರವಾಡಕ್ಕ ಹೋಗಿ ಓದಿ ಬರತೇನಿ,” ಎಂದ.

“ಹಾಳಾಗಿ ಹೋಗ! ಶಾಲು ಹೊಚ್ಚಿದ ಜನಕ್ಕ ಏನಂತ ಹೇಳ್ಲಿ? ಬ್ಯಾರಿಸ್ಟರ್ ಆದಾಂವ ಮೀಸಿ ಬರದ ಹುಡುಗೂರ ಜೋಡಿ ಬೆಂಚಿನ ಮ್ಯಾಲೆ ಕುಂಡ್ರತಾನಂತ ಹೇಳ್ಲೇನು? ಈ ಮನಿ ಹೊಸ್ತಿಲಾ ದಾಟಿದ್ರ ನನ್ನ ಹೆಣಾ ನೋಡ್ತಿ!”

ಮೂಗಿಗಿಂತ ಮೂಗುತಿ ಭಾರವಾಯಿತು. ಅಮೃತವ್ವ ಅತ್ತಳು. ಹುಲಗಪ್ಪ ಗುಡಿಯಲ್ಲಿ ನಿಂತಂತೆಯೇ ಮತ್ತೊಮ್ಮೆ ಬಾಯಿ ಮುಚ್ಚಿಕೊಂಡು ನಿಂತ. ಎದುರಾಡಬೇಕಿತ್ತು ಎಂದು ಇಂದು ಯಾರು ಬೇಕಾದರೂ ಹೇಳಬಹುದು. ಹೆಣ ನೋಡು ಎಂದ ಅಪ್ಪನನ್ನು ದಾಟಿ ಹೋಗುವ ಮಗ ಆ ಓಣಿಯಲ್ಲಿ ಒಬ್ಬನೂ ಇರಲಿಲ್ಲ. ನಾಲ್ಕೇ ದಿನದಲ್ಲಿ ಹುಲಗಪ್ಪ ಅಂಗಡಿಯಲ್ಲಿ ಕೂತ. ಕೂತವನು ಏಳಲೇ ಇಲ್ಲ. ‘ಬ್ಯಾರಿಸ್ಟರ್ ಸಾಹೇಬ್ರ, ಹತ್ತಿ ಹೆಂಗೈತ್ರಿ?’ ಎಂದು ರೈತರು ಕೇಳಿದಾಗ ಅದು ಮರ್ಯಾದೆಯೋ ಗೇಲಿಯೋ ಅವನಿಗೆ ತಿಳಿಯುತ್ತಿರಲಿಲ್ಲ. ಎರಡಕ್ಕೂ ಹೂಂ ಎನ್ನುತ್ತಿದ್ದ.

ಎಂಬತ್ನಾಲ್ಕರಲ್ಲಿ ಕೊರ್ಲಹಳ್ಳಿಯ ತನ್ನ ಹೊಲದ ಬದುವಿಗಾಗಿ ಅಂದಾನಪ್ಪನೇ ದಾವೆ ಹೂಡಬೇಕಾಯಿತು. ಅವನ ವಕೀಲ ಯಾರೆಂದರೆ, ಇದೇ ಖಾಸಿಂಸಾಬ. ವಿಚಾರಣೆಯ ದಿನ ಎದುರಿನ ವಕೀಲರು ಜೋರಾಗಿ ವಾದಿಸುತ್ತಿದ್ದರು. ಖಾಸಿಂಸಾಬ ತನ್ನ ಸರದಿಗೆ ಕಾಯುತ್ತ ಸುಮ್ಮನಿದ್ದ. ಮುದುಕನಿಗೆ ತಡೆಯಲಿಲ್ಲ, ಎದ್ದು ನಿಂತೇಬಿಟ್ಟ.

“ಸಾಹೇಬ್ರ, ನನ್ನ ಮಗಾ ವಿಲಾಯತಿ ಬ್ಯಾರಿಸ್ಟರ್ ಅದಾನ್ರಿ! ಅವನ್ನ ಮಾತಾಡಾಕ ಬಿಡ್ರಿ!”

ಇಡೀ ಕೋರ್ಟು ಹಿಂದಿನ ಬೆಂಚಿನತ್ತ ತಿರುಗಿತು. ಹುಲಗಪ್ಪ ಎದ್ದ. ಜಡ್ಜ್ ಸಾಹೇಬರು ಗೌರವದಿಂದಲೇ ಕೇಳಿದರು:

“ತಾವು ಇಲ್ಲಿ ವಕೀಲಿ ಮಾಡುತ್ತೀರಾ?”

“ಇಲ್ರಿ.”

“ಹಾಗಾದರೆ ತಾವು...?”

“ವಾದಿ ಮಗಾ ಅದೀನ್ರಿ. ಅಷ್ಟ ರೀ.”

ಯಾರೋ ಕಿಸಕ್ಕನೆ ನಕ್ಕರು. ಖಾಸಿಂಸಾಬ ತಲೆ ತಗ್ಗಿಸಿ ಕಾಗದಗಳನ್ನು ಸರಿಪಡಿಸಿಕೊಂಡ.

ಹೊರಗೆ ಬಂದ ಮೇಲೆ ಅಂದಾನಪ್ಪ ಮಗನ ಕಡೆ ತಿರುಗಿದ. “ಹೌದ್ರಿ ಅಂದಿದ್ರ ನಿನ್ನ ಗಂಟೇನು ಹೋಗ್ತಿತ್ತಲೇ? ಎಲ್ಲಾರ ಮುಂದ ನನ್ನ ಮಾನಾ ಕಳದಿ.”

“ಕೋರ್ಟಿನ್ಯಾಗ ಸುಳ್ಳು ಹೇಳಬಾರದಂತ ವಿಲಾಯತ್ಯಾಗ ಕಲಿಸ್ಯಾರಪ್ಪ. ನೀ ಹೊಲಾ ಮಾರಿ ಓದಿಸಿದ್ದರಾಗ ನನ್ನ ಉಪಯೋಗಕ್ಕ ಬಂದದ್ದು ಅದೊಂದ ನೋಡು.”

ಅಂದಾನಪ್ಪ ಕೋರ್ಟಿನ ಕಟ್ಟೆಯ ಮೇಲೆ ಕೂತ. ಹುಲಗಪ್ಪ ಅವನಿಗಾಗಿ ಕಾಯದೆ ಅಂಗಡಿಯತ್ತ ನಡೆದ.