ಶಾಲೆ ನೋಡಿ ಹಿಡಿದ ಮನೆ

ರಾಮದುರ್ಗದಿಂದ ಬೈಲಹೊಂಗಲಕ್ಕೆ ವರ್ಗವಾದಾಗ ನಾನು ಮೊದಲು ಹುಡುಕಿದ್ದು ಮನೆಯನ್ನಲ್ಲ, ಶಾಲೆಯನ್ನು. ಒಂದನೆಯ ತರಗತಿಯ ನನ್ನ ಮಗಳು ಮನೆಯಲ್ಲಿ ಬಾಯಿ ಮುಚ್ಚುತ್ತಿರಲಿಲ್ಲ, ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲ. ಮೂರು ಶನಿವಾರ ಮೂರು ಬಡಾವಣೆಯ ಶಾಲೆಗಳಿಗೆ ಹೋಗಿ, ಟೀಚರು ಮಕ್ಕಳನ್ನು ಎಷ್ಟು ಸಲ ಮಾತಾಡಿಸಿದರು, ಎಷ್ಟು ಸಲ ಗದರಿಸಿದರು ಎಂದು ದಿನಚರಿಯಲ್ಲಿ ಗೆರೆ ಎಳೆದುಕೊಂಡು ಬಂದೆ.

“ನನ್ನ ನೋಡಾಕ ಬಂದಾಗೂ ಹಿಂಗ ಗೆರಿ ಹಾಕಿದ್ರೇನ್ರಿ?” ಎಂದಳು ಹೆಂಡತಿ.

ಮೂರನೆಯ ಶಾಲೆಯ ಟೀಚರಿಗೆ ಮಾತಿನ ಗೆರೆ ಹದಿನೆಂಟು, ಗದರಿಕೆಯದು ಒಂದೇ. ಆ ಶಾಲೆಯ ಹಿಂದಿನ ಓಣಿಯಲ್ಲೇ ಮನೆ ಹಿಡಿದೆವು. ನಾವು ಸಾಮಾನು ಇಳಿಸಿದ ದಿನ ಎದುರುಮನೆಯ ಮುಂದೆ ಇನ್ನೊಂದು ಟೆಂಪೊ ನಿಂತಿತ್ತು. ಅದಕ್ಕೆ ಸಾಮಾನು ಏರಿಸುತ್ತಿದ್ದವರು ಅದೇ ಟೀಚರು. ಮಗಳ ಮೌನದ ಕಥೆ ಹೇಳಿ, ನಿಮ್ಮನ್ನೇ ನಂಬಿ ರಾಮದುರ್ಗದಿಂದ ಬಂದೆವು ಎಂದೆ.

“ಅಯ್ಯ, ನನಗ ರಾಮದುರ್ಗಕ್ಕ ಟ್ರಾನ್ಸ್‌ಫರ್ ಆಗೇತ್ರಿ. ನನ್ನ ಮಗನ್ನ ಅಲ್ಲಿ ಯಾವ ಸಾಲಿಗೆ ಹಾಕ್ಲಿ, ನೀವ ಹೇಳ್ರಿ.”

ನಾನು ದಿನಚರಿ ತೆರೆಯುವಷ್ಟರಲ್ಲಿ, ಬೆನ್ನ ಹಿಂದಿದ್ದ ಮಗಳು ಮುಂದೆ ಬಂದಳು. “ನಮ್ಮ ಸಾಲಿಗೆ ಹಾಕ್ರೀ ಟೀಚರ್. ನನ್ನ ಜಾಗಾ ಖಾಲಿ ಐತಿ. ಕಿಡಕಿ ಬಾಜೂಕ ಐತಿ, ಅಲ್ಲಿಂದ ಮಂಗ್ಯಾ ಕಾಣತಾವ!”

ಟೀಚರು ಜೋರಾಗಿ ನಕ್ಕರು. “ಹೊಸಾ ಟೀಚರಿಗೆ ಹೇಳಿ ಹೋಗತೇನಿ, ಇಕಿನ್ನ ಕಿಡಕಿ ಬಾಜೂಕ ಕುಂದ್ರಸ್ರಿ ಅಂತ.”

“ಈಗ ಎಷ್ಟ ಗೆರಿ ಹಾಕ್ತೀರಿ?” ಎಂದು ಹೆಂಡತಿ ಕೇಳಿದಳು. ನಾನು ಎಣಿಸುವುದನ್ನೇ ಮರೆತಿದ್ದೆ.