ವೀಸಾ ಅಧಿಕಾರಿಗೆ ಬರೆದ ಪ್ರೇಮಪತ್ರಗಳು

ಮದುವೆಯಾದ ವರ್ಷದ ಬೇಸಿಗೆಯಲ್ಲಿ ಅಮೆರಿಕದಲ್ಲಿ ನನ್ನ ಕಿಟಕಿಯಾಚೆ ಬಾರ್ಟ್ ಎಂಬ ಲೋಕಲ್ ರೈಲು ಹೋಗುವ ಸದ್ದು ಕೇಳಿಸುತ್ತಿತ್ತು ಎಂದು ನನಗೆ ಸ್ಪಷ್ಟವಾಗಿ ನೆನಪಿದೆ. ರೈಲು ಹೋದ ಮೇಲೂ ಬಾಲ್ಕನಿಯ ಕಂಬಿ ಸ್ವಲ್ಪ ಹೊತ್ತು ಗುಂಯ್ ಎನ್ನುತ್ತಿತ್ತು. ಆಗ ಸೈಗಾನಿನಲ್ಲಿದ್ದ ಹೆಂಡತಿಯ ನೆನಪಾಗುತ್ತಿತ್ತು.

ಈ ನೆನಪು ಸುಳ್ಳು. ಆ ಬೇಸಿಗೆಯಲ್ಲಿ ನಾನು ಆ ರೈಲಿರುವ ಯೂನಿಯನ್ ಸಿಟಿಯಲ್ಲಿ ಇರಲೇ ಇಲ್ಲ. ಸಾಂತಾಕ್ಲಾರಾದಲ್ಲಿದ್ದೆ. ಅಲ್ಲಿ ಕಿಟಕಿಯಾಚೆ ಇದ್ದದ್ದು ಕಾರು ನಿಲ್ಲಿಸುವ ಜಾಗ ಮತ್ತು ಒಂದು ಲಾಂಡ್ರಿ. ರೈಲಿನ ಸದ್ದನ್ನು ಆ ಬೇಸಿಗೆಗೆ ಆಮೇಲೆ ಸೇರಿಸಿದವನು ನಾನೇ, ನನ್ನ ಕೈಯಾರೆ ಬರೆದು. ಹಾಗೆ ಬರೆದದ್ದರಿಂದ ಹೆಂಡತಿಗೆ ನನ್ನ ಬಳಿಗೆ ಬರಲಾಗಲಿಲ್ಲ.

ಡಾಟ್‌ಕಾಮ್ ಕಾಲ. ಕಂಪ್ಯೂಟರ್ ನೆಟ್‌ವರ್ಕಿನ ಸರ್ಕ್ಯೂಟ್ ಬೋರ್ಡುಗಳನ್ನು ತಯಾರಿಸುವ ಕಂಪನಿಯೊಂದರಲ್ಲಿ ನನ್ನ ಕೆಲಸ. ಅಲ್ಲಿನ ಲ್ಯಾಬಿನಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದ ವಿಯೆಟ್ನಾಮಿನ ಹಿರಿಯ ಹೆಂಗಸೊಬ್ಬರು ತಮ್ಮ ಊಟದ ಡಬ್ಬಿಯಿಂದ ನನಗೂ ಒಂದು ಪಾಲು ತೆಗೆದಿಡುತ್ತಿದ್ದರು. ನನಗೆ ಮೂವತ್ತೆಂಟಾಗಿತ್ತು. ಅಮ್ಮ ಹೆಣ್ಣು ಹುಡುಕುವುದನ್ನು ಬಿಟ್ಟು ಆಗಲೇ ಕೆಲವು ವರ್ಷ ಕಳೆದಿದ್ದವು. ಆ ಹೆಂಗಸಿನ ತಂಗಿಯ ಮಗಳು ಸೈಗಾನಿನಲ್ಲಿ ಔಷಧಿ ಅಂಗಡಿ ನಡೆಸುತ್ತಿದ್ದಳು. ಅವರ ಹೊಸವರ್ಷದ ರಜೆಯಲ್ಲಿ ನಾನೂ ಜೊತೆಗೆ ಹೋದೆ. ಎರಡನೆಯ ಸಲ ಹೋದಾಗ ಮದುವೆಯಾಯಿತು. ಕಚೇರಿಯಲ್ಲಿ ರಿಜಿಸ್ಟರ್ ಮಾಡಿಸಿ, ಅವಳ ಮನೆಯಲ್ಲಿ ಹಿರಿಯರ ಪಟಗಳ ಮುಂದೆ ಊದುಬತ್ತಿ ಹಚ್ಚಿದೆವು. ಕೆಂಪು ಬಟ್ಟೆ ಹೊದಿಸಿದ ತಟ್ಟೆಗಳನ್ನು ತಂದಿಟ್ಟರು. ಬಟ್ಟೆ ತೆಗೆದರೆ ಒಳಗೆ ವೀಳ್ಯದೆಲೆ, ಅಡಿಕೆ. ಅದನ್ನು ನೋಡಿ ನನಗೆ ಧೈರ್ಯ ಬಂತು. ಫೋಟೋ ತೆಗೆಯುವಾಗ ನಾವಿಬ್ಬರೂ ಹಿರಿಯರ ಎದುರು ನಿಲ್ಲಬೇಕಾದ ಹಾಗೆ, ನಡುವೆ ಒಂದು ಅಡಿ ಜಾಗ ಬಿಟ್ಟು, ಕೈ ಕಟ್ಟಿಕೊಂಡು ನಿಂತೆವು.

ಆ ಹೊತ್ತಿಗೆ ನಾನು ಅಮೆರಿಕದ ಪ್ರಜೆಯಾಗಿದ್ದೆ. ಹೆಂಡತಿಯನ್ನು ಕರೆಸಿಕೊಳ್ಳುವ ಅರ್ಜಿಯನ್ನು ಲಾಯರಿಲ್ಲದೆ ನಾನೇ ತುಂಬಿದೆ. ನನ್ನ ಎಲ್ಲ ಫಾರಂಗಳನ್ನೂ ನಾನೇ ತುಂಬಿ ಗೆದ್ದವನು ಎಂಬ ಜಂಬವಿತ್ತು.

ಅಲ್ಲಿಂದ ಬಂದ ಮೇಲೆ ತಿಂಗಳಿಗೊಂದು ಕಾಗದ ಬರೆಯುತ್ತಿದ್ದೆ. ನಮ್ಮಿಬ್ಬರ ನಡುವೆ ಇದ್ದದ್ದು ಇಂಗ್ಲಿಷು, ಇಬ್ಬರಿಗೂ ಎರವಲು. ಒಂದು ಕಾಗದವನ್ನು ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ. ಎಲ್ಲವೂ ಒಂದೇ ಥರ ಇದ್ದದ್ದರಿಂದ ಇದರಲ್ಲಿ ನೆನಪು ಮೋಸ ಮಾಡುವ ಭಯವಿಲ್ಲ. "ನಾನಿಲ್ಲಿ ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ. ಈ ವಾರ ಆಫೀಸಿನಲ್ಲಿ ಕೆಲಸ ಜಾಸ್ತಿ. ನಿನ್ನ ಅಮ್ಮನ ಮಂಡಿನೋವು ಹೇಗಿದೆ? ಮಳೆಯಲ್ಲಿ ನೆನೆಯಬೇಡ. ಊಟ ಆಯಿತೇ?" ತಲುಪಲು ಎರಡು ವಾರ ಹಿಡಿಯುವ ಕಾಗದದಲ್ಲಿ ಊಟ ಆಯಿತೇ ಎಂದು ಕೇಳುತ್ತಿದ್ದೆ. ಅಪ್ಪ ಕ್ಯಾಂಪಿನಿಂದ ಅಮ್ಮನಿಗೆ ಬರೆಯುತ್ತಿದ್ದದ್ದೂ ಹೀಗೆಯೇ. ಕಾಗದವೆಂದರೆ ನನಗೆ ಗೊತ್ತಿದ್ದದ್ದು ಅಷ್ಟೇ. ಅವಳ ಉತ್ತರವೂ ಹಾಗೇ ಇರುತ್ತಿತ್ತು: ಆಯಿತು, ನಿನ್ನದು?

ಸೈಗಾನಿನ ಅಮೆರಿಕದ ವೀಸಾ ಕಚೇರಿಯಲ್ಲಿ ನಡೆದ ಮೊದಲ ಸಂದರ್ಶನಕ್ಕೆ ಅವಳು ಕಾಗದಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟುಕೊಂಡು ಹೋದಳು. ಆಮೇಲೆ ಫೋನಿನಲ್ಲಿ ನಡೆದದ್ದನ್ನು ಹೇಳಿದಳು.

"ಫೋಟೋದಲ್ಲಿ ಯಾಕೆ ಇಷ್ಟು ದೂರ ನಿಂತಿದ್ದೀರಿ ಅಂತ ಅಧಿಕಾರಿ ಕೇಳಿದ. ಆಮೇಲೆ ಕಾಗದ ಓದಿದ. ನಕ್ಕ."

"ಯಾಕೆ ನಕ್ಕ?"

"ನಿನ್ನ ಗಂಡ ಊಟ ಬಿಟ್ಟು ಬೇರೇನೂ ಕೇಳೋದೇ ಇಲ್ವಾ ಅಂದ. ನಾನು ಇಲ್ಲ ಅಂದೆ. ಅದು ಒಳ್ಳೇದು ಅಂದುಕೊಂಡು ಹೇಳಿದೆ."

ಗಂಡ ಹೆಂಡತಿಯ ಸಂಬಂಧಕ್ಕೆ ಇನ್ನಷ್ಟು ಪುರಾವೆ ತನ್ನಿ ಎಂದು ಒಂದು ಚೀಟಿ ಕೊಟ್ಟು ಕಳಿಸಿದ್ದರು.

ಅಷ್ಟರಲ್ಲಿ ನಾನು ಯೂನಿಯನ್ ಸಿಟಿಗೆ ಮನೆ ಬದಲಾಯಿಸಿದ್ದೆ. ಅವಳು ಬಂದ ಮೇಲೆ ಹಗಲೆಲ್ಲ ಒಬ್ಬಳೇ ಇರಬೇಕಾಗುತ್ತದೆ. ಅಲ್ಲಿ ಮಂಡ್ಯ ಕಡೆಯ ಗೆಳೆಯನೊಬ್ಬನ ಸಂಸಾರವಿತ್ತು, ಕಾರು ಓಡಿಸಲು ಬಾರದಿದ್ದರೂ ರೈಲಿತ್ತು. ಗೆಳೆಯನಿಗೆ ಫಾರಂಗಳೆಂದರೆ ಹುರುಪು, ವಾರಾಂತ್ಯ ಬಂತೆಂದರೆ ಯಾರದಾದರೂ ಅರ್ಜಿ ಅವನ ಊಟದ ಮೇಜಿನ ಮೇಲಿರುತ್ತಿತ್ತು. ಕೆಲವು ಕಾಗದಗಳನ್ನು ಬರೆಯುವ ಮೊದಲು ನಾನು ಕರಡು ಮಾಡಿಕೊಂಡಿದ್ದೆ. ಅವನ್ನೇ ಒಯ್ದು ತೋರಿಸಿದೆ.

"ಏನ್ ಗುರುವೇ ಇದು, ಹೆಂಡ್ತಿಗ್ ಬರ್ದಿರೋ ಕಾಗ್ದನಾ, ತಾಸೀಲ್ದಾರ್ರಿಗೆ ಬರ್ದಿರೋ ಅರ್ಜಿನಾ?" ಎಂದ.

ಅವನ ಹೆಂಡತಿ ಅಡುಗೆಮನೆಯಿಂದಲೇ ಕೂಗಿದರು: "ಸುಮ್ಕಿರಿ, ಕಂಡಿವ್ನಿ. ನೀವು ನಂಗೆ ಬರೀತಿದ್ದಿದ್ದೇನು? 'ಕುಕ್ಕರು ಮರೀದೆ ತತ್ತಾ' ಅಂತ. ಅದ್ನೇ ಓದ್ಕಂಡು ನಾನು ಅಮೆರಿಕಕ್ಕೆ ಬರ್ಲಿಲ್ವಾ?"

"ನಿಂಗೆ ವೀಸಾ ಕೊಟ್ಟೋನು ಕಾಗ್ದ ಕೇಳ್ನಿಲ್ಲ ಕಣೇ. ಇವ್ನಿಗ್ ಕೇಳವ್ನೆ." ಆಮೇಲೆ ನನ್ನ ಕಡೆ ತಿರುಗಿ, "ಹಳೇ ಕವರು ಅವ್ಳತ್ರ ಅವೆ ತಾನೆ? ಪೋಸ್ಟಿನ ಸೀಲು ಐತೆ. ಒಳಗಿನ್ ಕಾಗ್ದ ಬದ್ಲಾಯ್ಸು. ಒಸಿ ಲವ್ ಹಾಕು. ಸುಳ್ಳೇನಲ್ವಲ್ಲ, ಮದ್ವೆ ನಿಜ, ನಿನ್ ಮನ್ಸೂ ನಿಜ. ಬರ್ಯಕ್ ಬರ್ನಿಲ್ಲ ಅಷ್ಟೆ."

"ಅಣ್ಣಾ, ಅಂಗೆಲ್ಲಾ ಮಾಡ್ಬೇಡಿ," ಎಂದರು ಅವನ ಹೆಂಡತಿ. ಹಾಗೆ ಅಂದರೇ, ಅಥವಾ ಅವರಾದರೂ ತಡೆಯಬೇಕಿತ್ತು ಎಂಬ ಆಸೆಯಿಂದ ನಾನೇ ಈ ಮಾತನ್ನು ಅವರ ಬಾಯಲ್ಲಿ ಇಡುತ್ತಿದ್ದೇನೋ ತಿಳಿಯದು.

ಒಂದು ಶನಿವಾರ, ಒಂದು ಭಾನುವಾರ. ಹನ್ನೆರಡು ಕಾಗದ. ಬೇರೆ ಬೇರೆ ಪೆನ್ನು ಬಳಸಿದೆ, ಒಂದರ ಮೇಲೆ ಕಾಫಿ ಚೆಲ್ಲಿದೆ, ಮಡಿಸಿ ಬಿಚ್ಚಿ ಮಡಿಸಿ ಹಳತು ಮಾಡಿದೆ. ನಾಚಿಕೆಯಾದೀತು ಎಂದುಕೊಂಡಿದ್ದೆ, ಆಗಲಿಲ್ಲ. ಒಂದು ವರ್ಷ ಬಾರದಿದ್ದ ಮಾತೆಲ್ಲ ಅಧಿಕಾರಿಯೊಬ್ಬ ಓದುತ್ತಾನೆ ಎಂದಾಗ ಸಲೀಸಾಗಿ ಬಂತು. ಅವಳ ಕುತ್ತಿಗೆಯ ಹಿಂದಿನ ಮಚ್ಚೆಯ ಬಗ್ಗೆ ಬರೆದೆ. ಅಂಗಡಿಯ ಬಾಗಿಲು ಎಳೆಯುವಾಗ ಅವಳು ತುದಿಗಾಲಲ್ಲಿ ನಿಲ್ಲುವುದನ್ನು ಬರೆದೆ. ಅವಳು ಬಂದ ಮೇಲೆ ಬಾಲ್ಕನಿಯಲ್ಲಿ ಮಲ್ಲಿಗೆ ಬೆಳೆಸೋಣ ಎಂದು ಬರೆದೆ. ನಾಲ್ಕನೆಯದನ್ನು ಬರೆಯುವಾಗ ಹೊರಗೆ ರೈಲು ಹೋಯಿತು, ಕಂಬಿ ಗುಂಯ್ ಎಂದಿತು. ಬಾರ್ಟ್ ರೈಲಿನ ಹೆಸರು ಹಾಕಿ ಅದನ್ನೂ ಬರೆದೆ. ಅದರ ತಲೆಯ ಮೇಲೆ ಹಿಂದಿನ ವರ್ಷದ ಬೇಸಿಗೆಯ ತಾರೀಖು ಹಾಕಿದೆ.

ಹನ್ನೆರಡನ್ನೂ ಒಂದೇ ಕಟ್ಟಿನಲ್ಲಿ ಅವಳಿಗೆ ಕಳಿಸಿ, ಯಾವುದನ್ನು ಯಾವ ಹಳೆಯ ಕವರಿಗೆ ಹಾಕಬೇಕೆಂದು ಫೋನಿನಲ್ಲಿ ವಿವರಿಸಿದೆ.

"ಕವರಿನಲ್ಲಿರೋ ಹಳೇವು?"

"ಮನೇಲೇ ಇರಲಿ."

"ಅವೂ ನಿನ್ನವೇ ಅಲ್ವಾ?"

"ನನ್ನವೇ. ಆದರೆ ಅವರಿಗೆ ಅರ್ಥ ಆಗಲ್ಲ."

"ನನಗೆ ಅರ್ಥ ಆಗಿತ್ತು," ಎಂದಳು. ನಮ್ಮ ಕಡೆಯೂ ಹಾಗೇ ಕೇಳುತ್ತಾರೆ, ಮನೆಗೆ ಬಂದವರನ್ನು ಮೊದಲು ಊಟ ಆಯಿತಾ ಅಂತಲೇ ಕೇಳುತ್ತಾರೆ ಎಂದಳು. ನನಗೆ ಮುಂದಿನ ಸಂದರ್ಶನದ ಗಡಿಬಿಡಿ. ಕವರುಗಳ ಕ್ರಮ ತಪ್ಪಿಸಬೇಡ ಎಂದೆ.

ಎರಡನೆಯ ಸಂದರ್ಶನದಲ್ಲಿ ಬೇರೆ ಅಧಿಕಾರಿ, ವಯಸ್ಸಾದ ಹೆಂಗಸು. ಆಕೆ ನಗಲಿಲ್ಲ. ಹನ್ನೆರಡನ್ನೂ ನಿಧಾನವಾಗಿ ಓದಿದಳಂತೆ, ನಾಲ್ಕನೆಯದನ್ನು ಎರಡು ಸಲ. ಕವರಿನ ಮೇಲಿನ ವಿಳಾಸ ಸಾಂತಾಕ್ಲಾರಾದ್ದು. ಒಳಗೆ ಬಾರ್ಟ್ ರೈಲಿನ ಸದ್ದು. ಆ ಊರಲ್ಲಿ ಬಾರ್ಟ್ ರೈಲಿಲ್ಲ. ನಾನು ದಿನವಿಡೀ ಆಫೀಸಿನಲ್ಲಿ ಬೇರೆಯವರ ತಪ್ಪು ಹಿಡಿಯುತ್ತಿದ್ದವನು, ಬೋರ್ಡಿನ ಒಂದು ಗೆರೆ ಕೂದಲಷ್ಟು ಸರಿದರೂ ಕಾಣುತ್ತಿತ್ತು.

ಸೈಗಾನಿನಲ್ಲಿ ಕೂತ ಆಕೆಗೆ ಅದು ಹೇಗೆ ಗೊತ್ತಾಯಿತು? ಈ ಕಡೆಯವಳೇ ಇದ್ದಿರಬಹುದು. ವರ್ಷಗಟ್ಟಲೆ ಆಕೆಯನ್ನು ನಾನು ಬಾರ್ಟ್ ಓಡುವ ಓಕ್‌ಲ್ಯಾಂಡಿನವಳು ಎಂದೇ ಕಲ್ಪಿಸಿಕೊಂಡಿದ್ದೆ. ಅದಕ್ಕೆ ಆಧಾರವಿಲ್ಲ.

"ಈ ಕಾಗದ ನಿನಗೆ ಆ ಬೇಸಿಗೆಯಲ್ಲೇ ತಲುಪಿತಾ?" ಎಂದು ಆಕೆ ಕೇಳಿದಳು. ಒಳಗೆ ಕರೆಯುವ ಮುಂಚೆ ಬಲಗೈ ಎತ್ತಿಸಿ ಸತ್ಯ ಹೇಳುತ್ತೇನೆಂದು ಪ್ರಮಾಣ ಮಾಡಿಸಿದ್ದರು. ನನ್ನ ಹೆಂಡತಿ ಹೌದು ಎಂದಳು.

ಅಲ್ಲಿಯವರೆಗೂ ಅವಳು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಕಾಗದ ಸುಳ್ಳು ಅಂದಮೇಲೆ ಮದುವೆಯೂ ಸುಳ್ಳು ಎಂದು ಬರೆದು ಕಡತವನ್ನು ಅಮೆರಿಕಕ್ಕೆ ಹಿಂದಕ್ಕೆ ಕಳಿಸಿದರು. ಪ್ರಮಾಣ ಮಾಡಿ ಸುಳ್ಳಾಡಿದಳು ಎಂಬುದು ಅವಳ ಹೆಸರಿನ ಮುಂದೆ ಸೇರಿತು.

ಆ ದಿನದ ಫೋನು ನನಗೆ ಹೀಗೆ ನೆನಪಿದೆ: ಅವಳು ಅಳುತ್ತಿದ್ದಳು, ನಾನು ಸಮಾಧಾನ ಮಾಡಿದೆ, ತಪ್ಪು ನನ್ನದು ಎಂದೆ. ಕೆಲವು ವಾರ ಇದನ್ನೇ ನಂಬಿಕೊಂಡಿದ್ದೆ. ಆಮೇಲೆ ಲ್ಯಾಬಿನಲ್ಲಿ ಅವಳ ದೊಡ್ಡಮ್ಮ, ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದುಕೊಂಡೇ, ತಲೆಯೆತ್ತದೆ ಹೇಳಿದರು:

"ನೀನು ಅವಳನ್ನ ಕೇಳಿದ್ಯಂತೆ, ಕವರು ಸರಿಯಾಗಿ ನೋಡಲಿಲ್ವಾ ಅಂತ."

"ಹಾಗೆ ಕೇಳಿಲ್ಲ."

"ಅವಳು ಅತ್ತೇ ಇಲ್ವಂತೆ. ನೀನೇ ಕೂಗಾಡಿದ್ದಂತೆ."

ಆ ದಿನದಿಂದ ಅವರ ಡಬ್ಬಿಯಿಂದ ನನಗೆ ಪಾಲು ಬರಲಿಲ್ಲ. ಯಾರ ನೆನಪು ಸರಿ ಎಂದು ಈಗಲೂ ಆಣೆ ಮಾಡಿ ಹೇಳಲಾರೆ. ಆದರೆ ನನ್ನದು ನನಗೆ ಅನುಕೂಲವಾಗಿತ್ತು. ಅವರದ್ದು ಅವರಿಗೆ ಏನೂ ಕೊಡುತ್ತಿರಲಿಲ್ಲ.

ಅರ್ಜಿಯನ್ನು ಯಾಕೆ ರದ್ದು ಮಾಡಬಾರದು ಎಂದು ವಿವರಣೆ ಕೇಳಿ ನೋಟಿಸು ಬಂತು. ಆ ಬೇಸಿಗೆಯಲ್ಲೇ ಯೂನಿಯನ್ ಸಿಟಿಯಲ್ಲಿ ನಮ್ಮನೆಯಲ್ಲಿ ಇರುತ್ತಿದ್ದೆ ಅಂತ ಬರಿ, ನಾನೇ ಸಾಕ್ಷಿ ಹಾಕುತ್ತೇನೆ ಎಂದ ಗೆಳೆಯ. ನಾನು ನಿಜವನ್ನೇ ಬರೆದೆ: ಹನ್ನೆರಡನ್ನೂ ಎರಡು ದಿನದಲ್ಲಿ ಕೂತು ಬರೆದವನು ನಾನು, ಅವಳು ಹೌದು ಎಂದದ್ದು ನನ್ನ ಮಾತು ಕೇಳಿ, ಮದುವೆ ನಿಜ. ಹಳೆಯ ಕಾಗದಗಳ ನಕಲನ್ನು ಅವಳಿಂದ ತರಿಸಿ ಲಗತ್ತಿಸಿದೆ. ಆದರೆ ಅವುಗಳ ಕವರು ಆಗಲೇ ಬೇರೆ ಕಾಗದಗಳ ಜೊತೆ ಕಡತದೊಳಗೆ ಹೋಗಿತ್ತು. ಸೀಲಿಲ್ಲದ ಆ ಹಾಳೆಗಳು ನಿನ್ನೆ ಬರೆದವು ಎನ್ನುವಂತೆ ಕಾಣುತ್ತಿದ್ದವು.

ಕಾಯುತ್ತಿರುವಾಗಲೇ ಕಂಪನಿ ಮುಚ್ಚಿತು. ಒಂದೇ ಬೆಳಿಗ್ಗೆ ನಾನೂ ದೊಡ್ಡಮ್ಮನೂ ರಟ್ಟಿನ ಪೆಟ್ಟಿಗೆ ಹಿಡಿದು ಪಾರ್ಕಿಂಗ್ ಜಾಗಕ್ಕೆ ಬಂದು ಬೇರೆ ಬೇರೆ ದಿಕ್ಕಿಗೆ ಹೋದೆವು.

ಆ ವಾರ ಹೆಂಡತಿ ಫೋನಿನಲ್ಲಿ ಕೇಳಿದಳು. "ಈಗ ಕೆಲಸ ಇಲ್ಲವಲ್ಲ. ಇಲ್ಲಿಗೆ ಬಾ. ಅಂಗಡಿ ಮೇಲಿನ ಕೋಣೆ ಖಾಲಿ ಇದೆ."

"ಉತ್ತರ ಬರಲಿ. ನಾನು ವಿಳಾಸ ಬಿಟ್ಟರೆ ನೋಟಿಸು ತಪ್ಪಿಹೋಗುತ್ತೆ."

"ಎಷ್ಟು ದಿನ?"

"ನೋಡೋಣ."

ವಿಳಾಸದ ಮಾತು ಸುಳ್ಳಲ್ಲ. ಆದರೆ ಆ ಮಾತು ನನಗೆ ಎಷ್ಟು ಬೇಗ ಬಾಯಿಗೆ ಬಂತು ಎಂಬುದೂ ಸುಳ್ಳಲ್ಲ. ಹೋಗಬಹುದಿತ್ತು. ಬಾಲ್ಕನಿಯಲ್ಲಿ ಕೂತು, ನಾನೇ ಬರೆದಿದ್ದ ರೈಲಿನ ಸದ್ದು ಕೇಳುತ್ತ, ಅವಳಿಗಾಗಿ ಕಾಯುತ್ತಿದ್ದೇನೆ ಎಂದುಕೊಂಡೆ. ಹೆಚ್ಚುಕಡಿಮೆ ಎರಡು ವರ್ಷ.

ಅರ್ಜಿ ರದ್ದಾದ ಪತ್ರ ಬಂದ ಮೇಲೆ ಫೋನು ಮಾಡಿ ಓದಿ ಹೇಳಿದೆ. ಸರಿ ಎಂದಳು. ಕೆಲವು ತಿಂಗಳಾದ ಮೇಲೆ ಅವಳಿಂದ ದಪ್ಪ ಲಕೋಟೆ ಬಂತು. ಒಳಗೆ ಬೇರೆಯಾಗಲು ನಾನು ಸಹಿ ಹಾಕಬೇಕಿದ್ದ ಪತ್ರ. ಜೊತೆಗೆ ನನ್ನ ಹನ್ನೆರಡು ಕಾಗದಗಳ ನಕಲು. ಸಂದರ್ಶನಕ್ಕೆ ಹೋಗುವ ಮುಂಚೆ ಅವಳು ತನಗೆಂದು ತೆಗೆಸಿಟ್ಟುಕೊಂಡದ್ದು. ಹಳೆಯ ಕಾಗದಗಳನ್ನು ಕಳಿಸಿರಲಿಲ್ಲ, ಅವುಗಳ ಬಗ್ಗೆ ಏನೂ ಹೇಳಿರಲೂ ಇಲ್ಲ.

ಅವಳದೇ ಕೈಬರಹದ ಎರಡು ಹಾಳೆ ಬೇರೆ ಇದ್ದವು. ತಾನು ಕ್ಷೇಮ. ಅಮ್ಮನ ಮಂಡಿಗೆ ಆಪರೇಷನ್ ಆಯಿತು. ಅಂಗಡಿಗೆ ಹೊಸ ಬಾಗಿಲು ಹಾಕಿಸಿದೆ, ಈಗ ಎಳೆಯುವುದು ಸುಲಭ. ಈ ಸಲ ಮಳೆ ಬೇಗ ಶುರುವಾಯಿತು. ಕೊನೆಗೆ ಹೆಸರು.

ಇನ್ನೊಮ್ಮೆ ಓದಿದೆ. ಪ್ರತಿ ಕಾಗದದ ಕೊನೆಯಲ್ಲೂ ಇರುತ್ತಿದ್ದ ಊಟದ ಪ್ರಶ್ನೆ ಇರಲಿಲ್ಲ. ಹಾಳೆಗಳನ್ನು ತಿರುಗಿಸಿ ನೋಡಿದೆ. ಹಿಂದೆಯೂ ಇರಲಿಲ್ಲ.