ಅಮಾಸೆಗೆ ಮೂರು ಮಾತ್ರೆ

ಕಂಪಲಾಪುರದ ಕೆಂಪಾಜಮ್ಮನನ್ನು ಸುತ್ತಲಿನ ಹನ್ನೊಂದು ಹಳ್ಳಿಗಳಲ್ಲಿ ‘ಮಾತ್ರೆ ಅಕ್ಕ’ ಎಂದೇ ಕರೆಯುತ್ತಿದ್ದರು. ಮೂರ್ಛೆ ರೋಗವಿದ್ದ ನಲವತ್ತೊಂದು ಜನರಿಗೆ ಪಿರಿಯಾಪಟ್ಟಣದ ಸಣ್ಣ ಸಂಸ್ಥೆಯೊಂದು ತಿಂಗಳಿಗೆ ಬೇಕಾದ ಮಾತ್ರೆ ಕೊಡುತ್ತಿತ್ತು. ಮನೆಮನೆಗೆ ಮುಟ್ಟಿಸುವುದು ಆಕೆಯ ಕೆಲಸ. ಆಕೆಗೆ ನಲವತ್ತಾರು ವರ್ಷ, ಮಂಡಿನೋವು. ಆಕೆಯ ತಂಗಿ ಪ್ರಮೀಳಾ ಹದಿನೆಂಟರ ವಯಸ್ಸಿನಲ್ಲಿ ಮೂರ್ಛೆ ಬಂದು ಒಲೆಯ ಮೇಲೆ ಬಿದ್ದಿದ್ದಳು. ಮನೆಯವರು ಅವಳ ಕೈಗೆ ಕಬ್ಬಿಣದ ಬೀಗದ ಕೈ ಹಿಡಿಸಲು ಓಡಾಡುತ್ತಿದ್ದರು. ಬೆಂಕಿಯಿಂದ ಅವಳನ್ನು ಎಳೆಯಬೇಕೆಂದು ಯಾರಿಗೂ ಮೊದಲು ಹೊಳೆದಿರಲಿಲ್ಲ. ಅವಳ ಎಡಗೈ ಬೆರಳುಗಳು ಇಂದಿಗೂ ಬಿಡಿಸಿಕೊಂಡಿಲ್ಲ. ಕೆಂಪಾಜಮ್ಮ ಈ ಕೆಲಸಕ್ಕೆ ಸೇರಿದ್ದು ಅದಕ್ಕೇ.

ಮಾತ್ರೆಗಳು ಬರುತ್ತಿದ್ದುದು ಹೊರದೇಶದ ಸಂಘವೊಂದರ ನೆರವಿನಿಂದ. ಅದರ ಅವಧಿ ೨೦೦೨ರ ಕೊನೆಗೆ ಮುಗಿಯುವುದಿತ್ತು. ಮುಂದುವರಿಸಬೇಕೋ ಬೇಡವೋ ನೋಡಲು ಇಬ್ಬರು ಹೆಂಗಸರು ಅಕ್ಟೋಬರಿನಲ್ಲಿ ಊರಿಗೆ ಬರುವವರಿದ್ದರು. ಸಭೆಯಲ್ಲಿ ಕಾಯಿಲೆಯವರೊಬ್ಬರು ಎದ್ದು ನಿಂತು ತಾವೇ ಮಾತಾಡಬೇಕು, ಮುಚ್ಚಿಡುವ ಕಾಯಿಲೆ ಇದಲ್ಲ ಎಂದು ಊರಿಗೆ ಗೊತ್ತಾಗಬೇಕು ಎಂಬುದು ಅವರ ಆಸೆ.

ನಲವತ್ತು ಮನೆಗಳವರು ಒಲ್ಲೆ ಎಂದರು. ಒಪ್ಪಿದವನು ಚಲುವರಾಜು ಒಬ್ಬನೇ, ಅದೂ ಕೆಂಪಾಜಮ್ಮ ಒಂದೂವರೆ ತಿಂಗಳು ಓಡಾಡಿದ ಮೇಲೆ. ಇಪ್ಪತ್ನಾಲ್ಕರ ಹುಡುಗ. ಕಂಠಪ್ಪನ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಒಲೆಗೆ ಸೌದೆ ಹಾಕುತ್ತಿದ್ದ. ‘ದಿನಾ ಮಾತ್ರೆ ನುಂಗ್ತಾನೆ, ನಾನು ಜವಾಬ್ದಾರಿ’ ಎಂದು ಕಂಠಪ್ಪನಿಗೆ ಮಾತು ಕೊಟ್ಟು ಆ ಕೆಲಸ ಕೊಡಿಸಿದವಳೂ ಕೆಂಪಾಜಮ್ಮನೇ.

ಬಂದವರಿಗೆ ಬಿಡುವಿದ್ದುದು ಮಹಾಲಯ ಅಮಾವಾಸ್ಯೆಯ ಮರುದಿನ. ಶಾಲೆಯ ಕೋಣೆಯಲ್ಲಿ ಸಭೆ. ಸಂಸ್ಥೆಯ ಮೇಲ್ವಿಚಾರಕ ಷಣ್ಮುಖಪ್ಪ ಸ್ವಾಗತ ಹೇಳುತ್ತಿದ್ದಾಗಲೇ ಮುಂದಿನ ಕುರ್ಚಿಯಲ್ಲಿ ಚಲುವರಾಜುವಿನ ತಲೆ ವಾಲಿತು. ಬಾಯಿ ತೆರೆದು ಗೊರಕೆ ಹೊಡೆಯತೊಡಗಿದ. ಹಿಂದೆ ಯಾರೋ ನಕ್ಕರು.

ಕೆಂಪಾಜಮ್ಮ ಬಗ್ಗಿ ಅವನ ತಾಯಿ ಚಿಕ್ಕಬೀರಮ್ಮನ ಕಿವಿಯಲ್ಲಿ ಕೇಳಿದಳು: “ಏನಾಯ್ತೆ ಇವನಿಗೆ?”

“ಏನೂ ಇಲ್ಲ ಕಣಕ್ಕ. ನೆನ್ನೆ ಅಮಾಸೆ ಅಲ್ವಾ, ಮೂರು ನುಂಗ್ಸಿವ್ನಿ. ದೊಡ್ಡೋರ ಮುಂದೆ ಬುದ್ದು ಗಿದ್ದಾನು ಅಂತ ಬೆಳಿಗ್ಗೆ ಇನ್ನೊಂದು ಕೊಟ್ಟೆ.”

“ಮಿಕ್ಕ ದಿನ?”

“ಮಿಕ್ಕ ದಿನ ಯಾಕೆ? ಅದು ಬರಾದೇ ಅಮಾಸೆ ಉಣ್ಣಿಮೆಗೆ. ಮಳೆ ಇಲ್ದಾಗ ಯಾರಾದ್ರೂ ಛತ್ರಿ ಬಿಚ್ಕಂಡು ಓಡಾಡ್ತಾರಾ?”

“ತಿಂಗಳ ತಿಂಗಳ ಖಾಲಿ ಡಬ್ಬಿ ತೋರುಸ್ತಿದ್ಯಲ್ಲ!”

“ಖಾಲಿ ಡಬ್ಬಿ ತೋರ್ಸು ಅಂದೋಳು ನೀನೇಯಾ. ಮಾತ್ರೆ ಎಲ್ಲೋದೊ ಅಂತ ಕೇಳಿದ್ಯಾ? ಸಾಸಿವೆ ಡಬ್ಬಿಲಿ ಜೋಪಾನ್ವಾಗಿ ಮಡಗಿವ್ನಿ. ಒಂದೂ ದಂಡ ಮಾಡಿಲ್ಲ.”

ಕೆಂಪಾಜಮ್ಮನ ಚೀಲದಲ್ಲಿದ್ದ ಪಟ್ಟಿಯಲ್ಲಿ ನಲವತ್ತೊಂದು ಹೆಸರುಗಳ ಎದುರಿಗೂ ‘ಕ್ರಮವಾಗಿ ಸೇವಿಸುತ್ತಿದ್ದಾರೆ’ ಎಂದು ಬರೆದಿತ್ತು. ಅದು ಆಕೆಯದೇ ಕೈಬರಹ.

ಬಂದವರಲ್ಲಿ ಹಿರಿಯಳು ಹುಡುಗನತ್ತ ನೋಡಿ ಏನೋ ಕೇಳಿದಳು. ಮೈಸೂರಿನಿಂದ ಜೊತೆಗೆ ಬಂದಿದ್ದ ವಾಣಿಶ್ರೀ ಅದನ್ನು ಕನ್ನಡಕ್ಕೆ ತಂದಳು: “ಇವರಿಗೆ ಹುಷಾರಿಲ್ವಾ ಅಂತ ಕೇಳ್ತಿದ್ದಾರೆ.”

“ಬ್ಯಾರನ್ ಹತ್ರ ನಿದ್ದೆಗೆಟ್ಟಿದ್ದಾನೆ ಅಂದ್ಬಿಡಿ,” ಎಂದು ಷಣ್ಮುಖಪ್ಪ ಕೆಂಪಾಜಮ್ಮನ ಕಡೆ ತಿರುಗಿ ಪಿಸುಗುಟ್ಟಿದ. “ನಲವತ್ತೊಂದು ಜನದ ಮಾತ್ರೆ ಪ್ರಶ್ನೆ, ಯೋಚನೆ ಮಾಡಿ.”

ಆಕೆ ಯೋಚನೆ ಮಾಡುತ್ತಲೇ ಇದ್ದಳು. ಆ ಮಾತು ಹೇಳುವುದು ಕಷ್ಟವೇನಲ್ಲ, ನಂಬುವಂಥದ್ದೇ. ಆದರೆ ಸಂಜೆಗೆ ಹುಡುಗ ಮತ್ತೆ ಬ್ಯಾರನ್ನಿನ ಒಲೆಯ ಬಾಯಿಗೆ ಹೋಗಿ ಕೂರುತ್ತಾನೆ. ಆಕೆಗೆ ಪ್ರಮೀಳಾಳ ಕೈ ನೆನಪಾಯಿತು. ಎದ್ದು ನಿಂತಳು. ಕೋಪವಿರಲಿಲ್ಲ, ಸಾಕಾಗಿತ್ತು.

“ನಿದ್ದೆಗೆಟ್ಟಿಲ್ಲ ಕಣ್ರವ್ವಾ. ಒಂದು ದಿನಕ್ಕೆ ಒಂದು ನುಂಗೋದ್ನ ಅಮಾಸೆಗೆ ಒಟ್ಟಿಗೆ ನುಂಗವ್ನೆ. ಇವನವ್ವ ಸುಳ್ಳು ಹೇಳ್ಲಿಲ್ಲ, ನಾನು ಸರಿಯಾಗಿ ಕೇಳ್ಲಿಲ್ಲ. ಇನ್ನೆಷ್ಟು ಮನೇಲಿ ಹಿಂಗೇ ಅದೋ ನಂಗೆ ಗೊತ್ತಿಲ್ಲ.”

ವಾಣಿಶ್ರೀ ಅಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದಳು. ಬಂದವರು ಬರೆದುಕೊಂಡರು. ಅವರ ಮುಖ ನೋಡಿ ಏನೂ ತಿಳಿಯುವಂತಿರಲಿಲ್ಲ. ಷಣ್ಮುಖಪ್ಪ ವಾರ ಕಾಲ ಆಕೆಯೊಂದಿಗೆ ಮಾತು ಬಿಟ್ಟ.

ಆ ಸಂಜೆಯೇ ಕೆಂಪಾಜಮ್ಮ ಕಂಠಪ್ಪನ ಮುಂದೆ ನಿಂತು, ಕೊಟ್ಟ ಮಾತು ವಾಪಸು ತೆಗೆದುಕೊಂಡಳು. ಚಲುವರಾಜುವಿಗೆ ಒಲೆ ತಪ್ಪಿತು. ಬೇಯಿಸುವ ಮೊದಲು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುವ ಕೆಲಸ ಸಿಕ್ಕಿತು.

“ಎಂಗಸ್ರ ಸಾಲಲ್ಲಿ ಕೂರ್ಸ್‌ಬುಟ್ಯಲ್ಲಕ್ಕ,” ಎಂದು ಅವನು ಮುಖ ತಿರುಗಿಸಿದ.

“ಕೂತ್ಕೊ. ಬಿದ್ರೆ ಸೊಪ್ಪಿನ ಮೇಲೆ ಬೀಳ್ತೀಯ.”

ಸಂಘದ ಪತ್ರ ಬಂದದ್ದು ಡಿಸೆಂಬರಿನ ಕೊನೆಯ ವಾರದಲ್ಲಿ. ಕೇಳಿದ್ದ ಮೂರು ವರ್ಷಕ್ಕಲ್ಲ, ಒಂದು ವರ್ಷಕ್ಕೆ ನೆರವು. ಅದಕ್ಕೂ ಷರತ್ತಿತ್ತು: ಪ್ರತಿ ತಿಂಗಳೂ ಪ್ರತಿ ಮನೆಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸಬೇಕು.

“ಎಣಿಸೋರು ಯಾರು?” ಎಂದಳು ಕೆಂಪಾಜಮ್ಮ.

ಷಣ್ಮುಖಪ್ಪ ಪತ್ರವನ್ನು ಮಡಿಚುತ್ತಾ ಆಕೆಯ ಮುಖ ನೋಡಿದ.

ಆಕೆ ಎಣಿಸಿದಳು. ಹತ್ತೊಂಬತ್ತು ಮನೆಗಳಲ್ಲಿ ಹೀಗೆ ಅಮಾವಾಸ್ಯೆಗೆಂದು ಮಾತ್ರೆ ಕೂಡಿಟ್ಟ ಡಬ್ಬಿ ಸಿಕ್ಕಿತು. ಗಡಿಯಾರದ ಲೆಕ್ಕ ಬಿಟ್ಟು, ಸಂಜೆ ದೇವರ ದೀಪ ಹಚ್ಚಿದ ಕೂಡಲೇ ಮಾತ್ರೆ ಎಂದು ಹೇಳಿಕೊಟ್ಟಳು; ದೀಪ ಹಚ್ಚುವುದನ್ನು ಯಾವ ಮನೆಯವರೂ ಮರೆಯುತ್ತಿರಲಿಲ್ಲ. ಕೂಡಿಟ್ಟದ್ದನ್ನು ಆಕೆ ಆಗಲೇ ವಾಪಸು ಪಡೆದಿದ್ದಳು; ಮರುತಿಂಗಳು ಎಣಿಸಿದಾಗ ಚಿಕ್ಕಬೀರಮ್ಮನ ಸಾಸಿವೆ ಡಬ್ಬಿಯಲ್ಲಿ ಹೊಸದಾಗಿ ಒಂದೂ ಉಳಿದಿರಲಿಲ್ಲ.

“ಅಮಾಸೆಗೆ ಮಾತ್ರ ಒಂದು ಜಾಸ್ತಿ ಕೊಡ್ಲಾ ಅಕ್ಕ?”

“ಬ್ಯಾಡ.”

“ಅರ್ಧ?”

“ಅರ್ಧಾನೂ ಬ್ಯಾಡ ಕಣೆ,” ಎಂದು ಕೆಂಪಾಜಮ್ಮ ಮಂಡಿ ಹಿಡಿದುಕೊಂಡು ಎದ್ದಳು. ಅಂದು ಇನ್ನೂ ಆರು ಮನೆ ಬಾಕಿಯಿದ್ದವು.